ಮಳೆಗಾಲದ ಹಳದಿ ಕಪ್ಪೆ: ವಿಷವೂ ಅಲ್ಲ, ವಿದೇಶಿಯೂ ಅಲ್ಲ, ಹಾಗಿದ್ದರೆ ಹಿಡಿದರೆ ಕೇಸು ಯಾಕೆ?

ಮುಂಗಾರು ಕಾರವಾರದ ಕಡೆ ಗಟ್ಟಿಯಾಗಿ ಹಿಡಿದುಕೊಂಡ ಮೊದಲ ವಾರದಲ್ಲಿ ಎರಡು ಬಗೆಯ ಸುದ್ದಿ ಕಿವಿಗೆ ಬೀಳುತ್ತದೆ. ಮೊದಲನೆಯದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ವಿಡಿಯೊ. ನೀರು ನಿಂತ ಗದ್ದೆಯಲ್ಲಿ ನಿಂಬೆಹಣ್ಣಿನ ಬಣ್ಣದ ಹತ್ತಿಪ್ಪತ್ತು ಕಪ್ಪೆಗಳು ಕೂಗುತ್ತ, ಒಂದರ ಮೇಲೊಂದು ಹಾರುತ್ತ ಇರುತ್ತವೆ. ‘ವಿಷದ ಕಪ್ಪೆ, ಮಕ್ಕಳನ್ನು ಹತ್ತಿರ ಬಿಡಬೇಡಿ’, ‘ಹೊರದೇಶದಿಂದ ಬಂದ ಜಾತಿ’, ‘ಗೊಬ್ಬರ, ಔಷಧಿಯ ಪರಿಣಾಮ’ ಎಂದೆಲ್ಲ ಅದರ ಕೆಳಗೆ ಒಕ್ಕಣೆ. ಎರಡನೆಯದು ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬರುವ ಸುದ್ದಿ: ಗೋವಾಕ್ಕೆ ಸಾಗಿಸುತ್ತಿದ್ದ ಜೀವಂತ ಕಪ್ಪೆಗಳನ್ನು ಗಡಿಯ ಬಳಿ ವಶಪಡಿಸಿಕೊಂಡು ಕಾಡಿಗೆ ಬಿಟ್ಟರು ಎಂದು.

ಎರಡೂ ಸುದ್ದಿಯಲ್ಲಿರುವುದು ಒಂದೇ ಪ್ರಾಣಿ ಎಂಬುದು ಹಲವರಿಗೆ ಹೊಳೆಯುವುದಿಲ್ಲ. ಹೊಳೆದವರಿಗೆ ಬೇರೆ ಗೊಂದಲ. ಇದು ವಿಷವಾದರೆ ಗೋವಾದ ಹೋಟೆಲಿನಲ್ಲಿ ತಿನ್ನುವುದು ಹೇಗೆ? ವಿಷವಲ್ಲದಿದ್ದರೆ, ಗದ್ದೆ ತುಂಬ ಇರುವ ಕಪ್ಪೆ ಹಿಡಿದದ್ದಕ್ಕೆ ವನ್ಯಜೀವಿ ಕಾಯ್ದೆ ಯಾಕೆ? ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇದಕ್ಕೆ ಅಳಿವಿನ ಆತಂಕವೇ ಇಲ್ಲ ಎಂದು ಬರೆದಿದ್ದಾರಲ್ಲ? ಈ ಪ್ರಶ್ನೆಗಳೆಲ್ಲ ನ್ಯಾಯವಾದವೇ. ಉತ್ತರ ಸಿಗಬೇಕಾದರೆ ಕಾನೂನಿಗಿಂತ ಮೊದಲು ಆ ಕಪ್ಪೆಯ ಬದುಕನ್ನು ನೋಡಬೇಕು.

ಇದು ಯಾವ ಕಪ್ಪೆ

ಭಾರತದ ಅತಿ ದೊಡ್ಡ ಕಪ್ಪೆ ಇದು. ಪತ್ರಿಕೆಗಳು ಬುಲ್‌ಫ್ರಾಗ್ ಎಂದು ಬರೆಯುತ್ತವೆ. ವಿಜ್ಞಾನದಲ್ಲಿ ಇದರ ಹೆಸರು ಹೋಪ್ಲೊಬಟ್ರಾಕಸ್ ಟೈಗ್ರಿನಸ್. ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆ ‘ರಾನಾ ಟೈಗ್ರಿನಾ’ ಎಂಬ ಹಳೆಯ ಹೆಸರು ನೆನಪಿರುತ್ತದೆ. ಪ್ರಯೋಗಾಲಯದ ಮೇಣದ ತಟ್ಟೆಯ ಮೇಲೆ ಮಲಗಿಸಿ ಕೊಯ್ಯುತ್ತಿದ್ದದ್ದು ಇದನ್ನೇ. ಮೂತಿಯಿಂದ ಹಿಂಭಾಗದವರೆಗೆ ಅಳೆದರೆ 16 ಸೆಂಟಿಮೀಟರ್ ದಾಟಬಲ್ಲದು, ಕಾಲು ಚಾಚಿದರೆ ಇನ್ನೂ ಉದ್ದ. ಪಾಕಿಸ್ತಾನದಿಂದ ಮ್ಯಾನ್ಮಾರ್‌ವರೆಗೆ ಬಯಲು ಸೀಮೆ, ಕರಾವಳಿ, ಕಣಿವೆ ಎನ್ನದೆ ನೀರು ನಿಲ್ಲುವ ಕಡೆಯೆಲ್ಲ ಇದೆ. ದಟ್ಟ ಕಾಡಿಗಿಂತ ಗದ್ದೆ, ಕೆರೆಯ ಅಂಚು, ಹಳ್ಳದ ಬದಿಯೇ ಇದಕ್ಕೆ ಹೆಚ್ಚು ಹಿಡಿಸುತ್ತದೆ.

ವರ್ಷದ ಬಹುಪಾಲು ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಮೈ ಹಸಿರು ಮಿಶ್ರಿತ ಕಂದು, ಮೇಲೆ ಕಪ್ಪು ಮಚ್ಚೆ, ಬೆನ್ನ ನಡುವೆ ಒಂದು ತೆಳು ಗೆರೆ. ಕೆಸರಿನಲ್ಲಿ ಕೂತರೆ ಕೆಸರೇ ಆಗಿಬಿಡುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಬಿಲ, ಬದುವಿನ ಸಂದು ಸೇರಿ ಮಳೆಗೆ ಕಾಯುತ್ತದೆ. ಹೊಟ್ಟೆಪಾಡಿನಲ್ಲಿ ಮಾತ್ರ ಇದು ಕಪ್ಪೆಗಳ ಪೈಕಿ ಹುಲಿಯೇ: ಮಿಡತೆ, ಜೀರುಂಡೆ, ಎರೆಹುಳು, ಗದ್ದೆಯ ಏಡಿ, ಇಲಿಮರಿ, ಸಣ್ಣ ಹಾವು, ಬೇರೆ ಕಪ್ಪೆ, ಬಾಯಲ್ಲಿ ಹಿಡಿಸುವ ಯಾವುದನ್ನೂ ಬಿಡುವುದಿಲ್ಲ. ಏಡಿ ಬದು ಕೊರೆದರೆ ಗದ್ದೆಯ ನೀರು ರಾತ್ರೋರಾತ್ರಿ ಹರಿದುಹೋಗುತ್ತದೆ ಎಂಬುದು ಕರಾವಳಿಯ ರೈತರಿಗೆ ಗೊತ್ತಿರುವ ಸಂಗತಿ. ಆ ಏಡಿಯನ್ನು ತಿನ್ನುವ ಪ್ರಾಣಿಗಳಲ್ಲಿ ಇದೂ ಒಂದು.

ಹಸಿರು ಕಪ್ಪೆ ಹಳದಿಯಾಗುವುದು ಹೇಗೆ

ಹಳದಿ ಆಗುವುದು ಗಂಡು ಮಾತ್ರ, ಅದೂ ಸಂತಾನದ ಕಾಲದಲ್ಲಿ ಮಾತ್ರ. ಮೊದಲ ದೊಡ್ಡ ಮಳೆ ಬಿದ್ದು ತಗ್ಗಿನಲ್ಲಿ ನೀರು ನಿಂತಿತೆಂದರೆ ಗಂಡುಗಳು ಹೊರಬೀಳುತ್ತವೆ. ಆ ಹೊತ್ತಿಗೆ ಅವುಗಳ ಮೈಬಣ್ಣ ಕಳೆಯೇರಿ ಹಳದಿಗೆ ತಿರುಗಿರುತ್ತದೆ.

ಹತ್ತಿರದಿಂದ ನೋಡಿದರೆ ಬೆರಗಾಗುವುದು ಹಳದಿಗಿಂತಲೂ ನೀಲಿಗೆ. ಗಂಡಿನ ಗಂಟಲಿನ ಎರಡು ಬದಿಯಲ್ಲಿ ಎರಡು ಚೀಲಗಳಿವೆ. ಕೂಗದೆ ಇದ್ದಾಗ ಅವು ಸುಕ್ಕುಗಟ್ಟಿದ ಎರಡು ಕಪ್ಪು ಮಡಿಕೆಗಳಂತೆ ಕಾಣುತ್ತವೆ. ಕೂಗಲು ತೊಡಗಿದ ಕ್ಷಣ ಪುಗ್ಗೆಗಳ ಹಾಗೆ ಉಬ್ಬಿ ಕಡುನೀಲಿ ಬಣ್ಣ ಹೊಳೆಯುತ್ತದೆ. ಒಂದೊಂದು ಕೂಗಿಗೂ ಇಡೀ ದೇಹ ಕುಲುಕಿ, ಕಪ್ಪೆಯ ಸುತ್ತ ನೀರಿನಲ್ಲಿ ಸಣ್ಣ ಅಲೆಯೇಳುತ್ತದೆ. ಮುಂಗಾಲಿನ ಹೆಬ್ಬೆರಳ ಬುಡದಲ್ಲಿ ಗಟ್ಟಿಯಾದ ಗಾಢ ಬಣ್ಣದ ದಿಂಡೊಂದು ಮೂಡಿರುತ್ತದೆ. ಜಾರುವ ಹೆಣ್ಣನ್ನು ನೀರಿನಲ್ಲಿ ಬಿಗಿಯಾಗಿ ಹಿಡಿದುಕೊಳ್ಳಲು ಅದು ಬೇಕು. ಹೆಣ್ಣು ಮಾತ್ರ ಎಂದಿನ ಮಣ್ಣುಬಣ್ಣದಲ್ಲೇ ಇರುತ್ತದೆ.

ಕಪ್ಪೆಗಳ ಚರ್ಮದಲ್ಲಿ ಬಣ್ಣದ ಕೋಶಗಳು ಪದರ ಪದರವಾಗಿವೆ. ಮೇಲೆ ಹಳದಿ ಕಣಗಳ ಕೋಶ, ಅದರ ಕೆಳಗೆ ಬೆಳಕನ್ನು ತಿರುಗಿಸಿ ಚೆಲ್ಲುವ ಕೋಶ, ಎಲ್ಲಕ್ಕಿಂತ ಕೆಳಗೆ ಕಪ್ಪು ಕಣಗಳ ಕೋಶ. ಕಪ್ಪು ಕಣಗಳು ಹರಡಿಕೊಂಡರೆ ಮೈ ಗಾಢವಾಗುತ್ತದೆ, ಮುದುಡಿ ಒಂದೆಡೆ ಸೇರಿದರೆ ತಿಳಿಯಾಗಿ ಮೇಲಿನ ಬಣ್ಣ ಎದ್ದು ಕಾಣುತ್ತದೆ. ಈ ಚಲನೆಯನ್ನು ನಡೆಸುವುದು ಹಾರ್ಮೋನುಗಳು. ಆದ್ದರಿಂದ ಇದರಲ್ಲಿ ಗೊಬ್ಬರದ ಪಾತ್ರವಿಲ್ಲ, ಕಾರ್ಖಾನೆಯ ಪಾತ್ರವಿಲ್ಲ. 2020ರ ಜುಲೈಯಲ್ಲಿ ಮಧ್ಯಪ್ರದೇಶದ ನರಸಿಂಗಪುರದಿಂದ ಬಂದ ಹಳದಿ ಕಪ್ಪೆಗಳ ವಿಡಿಯೊ ದೇಶವನ್ನೆಲ್ಲ ಸುತ್ತಿತ್ತು. ಅದರಲ್ಲಿದ್ದದ್ದೂ ಇದೇ ಕಪ್ಪೆ, ಇದೇ ಸಂತಾನಕಾಲ.

ಬಣ್ಣ ಬದಲಿಸಿಕೊಂಡು ಗಂಡಿಗೆ ಸಿಗುವ ಲಾಭವೇನು ಎಂಬುದರ ಬಗ್ಗೆ ಎರಡು ವಿವರಣೆಗಳಿವೆ. ಹೆಣ್ಣನ್ನು ಒಲಿಸಲು ಎಂಬುದು ಒಂದು. ಇನ್ನೊಂದು ಹೆಚ್ಚು ಕುತೂಹಲದ್ದು. ಹತ್ತಾರು ಗಂಡುಗಳು ಒಂದೇ ಗುಂಡಿಗೆ ಮುಗಿಬಿದ್ದಾಗ ಪಕ್ಕದಲ್ಲಿರುವುದು ಗಂಡೋ ಹೆಣ್ಣೋ ಎಂದು ತಡಕಾಡುತ್ತ ಕೂರಲು ಸಮಯವಿಲ್ಲ. ಹಳದಿ ಕಂಡರೆ ಗಂಡು, ಕಂದು ಕಂಡರೆ ಹೆಣ್ಣು ಎಂದು ದೂರದಿಂದಲೇ ಗೊತ್ತಾದರೆ ಶ್ರಮ ಉಳಿಯುತ್ತದೆ. ನಮ್ಮ ಮನೆಯಂಗಳದಲ್ಲಿ ಕುಪ್ಪಳಿಸುವ ಒರಟು ಮೈಯ ನೆಲಗಪ್ಪೆಯ ಗಂಡೂ ಕೂಡುವ ಕಾಲದಲ್ಲಿ ಹಳದಿಯಾಗುತ್ತದೆ. ಅವುಗಳ ಮುಂದೆ ಹಳದಿ ಮತ್ತು ಕಂದು ಬೊಂಬೆಗಳನ್ನಿಟ್ಟು ವಿಜ್ಞಾನಿಗಳು ಪರೀಕ್ಷಿಸಿದಾಗ ಗಂಡುಗಳು ಕಂದು ಬೊಂಬೆಯತ್ತಲೇ ಹೆಚ್ಚಾಗಿ ಹೋದವು. ಎರಡನೆಯ ವಿವರಣೆಗೆ ಇದು ಒಳ್ಳೆಯ ಪುಷ್ಟಿ.

ಹಳದಿ ಎಂದರೆ ವಿಷವೇ

ಈ ಭಯ ಹುಟ್ಟಿದ್ದು ಬೇರೊಂದು ಖಂಡದ ಕಪ್ಪೆಯಿಂದ. ದಕ್ಷಿಣ ಅಮೆರಿಕದ ಕೊಲಂಬಿಯಾದ ಪೆಸಿಫಿಕ್ ಕರಾವಳಿಯ ಮಳೆಕಾಡಿನಲ್ಲಿ ಐದು ಸೆಂಟಿಮೀಟರ್ ಉದ್ದದ ಚಿನ್ನದ ಬಣ್ಣದ ಕಪ್ಪೆಯೊಂದಿದೆ. ವಿಜ್ಞಾನಿಗಳು 1978ರಲ್ಲಿ ಅದಕ್ಕೆ ಫಿಲೊಬೇಟಿಸ್ ಟೆರಿಬಿಲಿಸ್ ಎಂದು ಹೆಸರಿಟ್ಟರು. ಅದರ ಚರ್ಮದಲ್ಲಿರುವ ಬಟ್ರಾಕೊಟಾಕ್ಸಿನ್ ನರ ಮತ್ತು ಹೃದಯವನ್ನು ನಿಲ್ಲಿಸಬಲ್ಲ ಘೋರ ವಿಷ. ಅಲ್ಲಿನ ಎಂಬೆರಾ ಜನ ಬೇಟೆಯ ಬಾಣದ ಮೊನೆಗೆ ಅದನ್ನು ಸವರುತ್ತಿದ್ದರು. ಇಂಟರ್ನೆಟ್ಟಿನಲ್ಲಿ ‘ಹಳದಿ ಕಪ್ಪೆ’ ಎಂದು ಹುಡುಕಿದವರಿಗೆ ಮೊದಲು ಸಿಗುವುದು ಆ ಚಿತ್ರಗಳೇ. ಅಲ್ಲಿಂದ ಕಾರವಾರದ ಗದ್ದೆಗೆ ವಿಷದ ಕಥೆ ಹಾರಿ ಬಂದಿದೆ.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಯೋಚಿಸಿದರೆ ವ್ಯತ್ಯಾಸ ತಾನೇ ಬಿಚ್ಚಿಕೊಳ್ಳುತ್ತದೆ. ಕೊಲಂಬಿಯಾದ ಕಪ್ಪೆಯ ಬಣ್ಣ ‘ನನ್ನನ್ನು ತಿಂದರೆ ಕೆಟ್ಟೀಯೆ’ ಎಂದು ಹಕ್ಕಿ ಹಾವುಗಳಿಗೆ ಕೊಡುವ ಎಚ್ಚರಿಕೆ. ಎಚ್ಚರಿಕೆ ವರ್ಷವಿಡೀ ಬೇಕು, ಗಂಡಿಗೂ ಬೇಕು ಹೆಣ್ಣಿಗೂ ಬೇಕು; ಅಲ್ಲಿ ಇರುವುದೂ ಹಾಗೆಯೇ. ನಮ್ಮ ಕಪ್ಪೆಯಲ್ಲಿ ಗಂಡು ಮಾತ್ರ, ಅದೂ ಕೂಡುವ ಕಾಲದಲ್ಲಿ ಮಾತ್ರ ಹಳದಿ. ಎಚ್ಚರಿಕೆಯ ಫಲಕವಾಗಿದ್ದರೆ ಮೊಟ್ಟೆ ಹೊತ್ತ ಹೆಣ್ಣಿಗೇ ಅದು ಮೊದಲು ಇರಬೇಕಿತ್ತು. ಇನ್ನೊಂದು ಮಾತನ್ನೂ ಇಲ್ಲಿ ಸೇರಿಸಬೇಕು: ಆ ಕೊಲಂಬಿಯಾದ ಕಪ್ಪೆಯನ್ನು ಗಾಜಿನ ತೊಟ್ಟಿಯಲ್ಲಿ ಹುಟ್ಟಿಸಿ ಸಾಕಿದರೆ ಅದಕ್ಕೆ ವಿಷವೇ ಬರುವುದಿಲ್ಲ, ಏಕೆಂದರೆ ವಿಷದ ಮೂಲ ಅದು ತನ್ನ ಕಾಡಿನಲ್ಲಿ ತಿನ್ನುವ ಪುಟ್ಟ ಕೀಟಗಳಲ್ಲಿದೆ.

ಘಟ್ಟದ ಮೇಲೆ ಹೋದರೆ ಬಣ್ಣಕ್ಕೆ ಬೇರೆಯದೇ ಅರ್ಥ. ಶಿರಸಿ, ಸಿದ್ದಾಪುರದ ಅಡಿಕೆ ತೋಟ ಮತ್ತು ಕಾಡಿನ ಅಂಚಿನಲ್ಲಿ ಮಲಬಾರ್ ಹಾರುಗಪ್ಪೆ ಇದೆ. ಮೈ ಎಳೆ ಎಲೆಯ ಹಸಿರು. ಬೆರಳುಗಳ ನಡುವಿನ ಜಾಲಪೊರೆ ಕೆಂಪು ಕಿತ್ತಳೆ. ಎಲೆಯ ಮೇಲೆ ಮುದುಡಿ ಕೂತಾಗ ಕಿತ್ತಳೆ ಒಂದು ಚೂರೂ ತೋರುವುದಿಲ್ಲ, ಮರದಿಂದ ಮರಕ್ಕೆ ತೇಲುವಾಗ ಮಾತ್ರ ನಾಲ್ಕು ಕೊಡೆಗಳಂತೆ ಬಿಚ್ಚಿಕೊಳ್ಳುತ್ತದೆ. ನೀರಿನ ಮೇಲೆ ಬಾಗಿದ ಕೊಂಬೆಯಲ್ಲಿ ನೊರೆಯ ಗೂಡು ಕಟ್ಟಿ ಮೊಟ್ಟೆಯಿಡುತ್ತದೆ. ಅದೇ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಿಂದ 2014ರಲ್ಲಿ ಲೋಕಕ್ಕೆ ಪರಿಚಯವಾದ ಕುಂಬಾರ ಕಪ್ಪೆಗೆ ಯಾವ ಬೆಡಗಿನ ಬಣ್ಣವೂ ಇಲ್ಲ, ಆದರೆ ಅದರ ಗಂಡು ಮುಂಗೈಯಲ್ಲಿ ಕೆಸರು ಎತ್ತಿ ಮೊಟ್ಟೆಗಳಿಗೆ ಮೆತ್ತಿ ಕಾಪಾಡುತ್ತದೆ. ಒಂದೇ ಜಿಲ್ಲೆಯಲ್ಲಿ ಇಷ್ಟೊಂದು ಬಗೆ. ಬಣ್ಣ ನೋಡಿ ವಿಷ ಎಂದು ತೀರ್ಮಾನಿಸುವುದು ಎಷ್ಟು ತಪ್ಪೋ, ಎಲ್ಲ ಕಪ್ಪೆಯೂ ಒಂದೇ ಎಂದುಕೊಳ್ಳುವುದೂ ಅಷ್ಟೇ ತಪ್ಪು.

ಕೆಲವೇ ರಾತ್ರಿಗಳ ಅವಸರ

ಕಾಯ್ದೆ ಯಾಕೆ ಎಂಬ ಪ್ರಶ್ನೆಗೆ ಉತ್ತರವಿರುವುದು ಇಲ್ಲಿ.

ಈ ಕಪ್ಪೆ ಇಡೀ ಮಳೆಗಾಲ ನಿಧಾನವಾಗಿ ಮರಿ ಮಾಡುತ್ತ ಕೂರುವುದಿಲ್ಲ. ಮೊದಲ ಭಾರಿ ಮಳೆಯ ಬೆನ್ನಿಗೆ, ಕೆಲವೇ ದಿನಗಳಲ್ಲಿ, ಸುತ್ತಮುತ್ತಲಿನ ಕಪ್ಪೆಗಳೆಲ್ಲ ಒಂದೇ ಗುಂಡಿಗೆ ನೆರೆದು ಮುಗಿಸಿಬಿಡುತ್ತವೆ. ಕಾರಣ ಗುಂಡಿಯ ಗುಣದಲ್ಲೇ ಇದೆ. ವರ್ಷವಿಡೀ ನೀರಿರುವ ಕೆರೆಯಲ್ಲಿ ಮೀನುಗಳಿರುತ್ತವೆ, ಮೊಟ್ಟೆ ಮತ್ತು ಗೊದಮೊಟ್ಟೆಗಳನ್ನು ಅವು ಬಿಡುವುದಿಲ್ಲ. ಮಳೆಗೆ ಹೊಸದಾಗಿ ತುಂಬಿದ ತಗ್ಗಿನಲ್ಲಿ ಮೀನಿಲ್ಲ. ಆದರೆ ಆ ನೀರು ಹೆಚ್ಚು ದಿನ ಉಳಿಯುವ ಖಾತರಿಯೂ ಇಲ್ಲ. ಹಾಗಾಗಿ ಬೇಗ ಬರಬೇಕು, ಬೇಗ ಇಡಬೇಕು, ಮರಿ ಬೇಗ ಬೆಳೆಯಬೇಕು. ಹೆಣ್ಣು ಸಾವಿರಗಟ್ಟಲೆ ಮೊಟ್ಟೆಗಳನ್ನು ತೆಳು ನೀರಿನಲ್ಲಿ ಹರಡಿ ಹೊರಟುಹೋಗುತ್ತದೆ. ಗೊದಮೊಟ್ಟೆಗಳು ಮಾಂಸಾಹಾರಿಗಳು: ಸೊಳ್ಳೆಯ ಮರಿಹುಳು, ಬೇರೆ ಕಪ್ಪೆಯ ಗೊದಮೊಟ್ಟೆ, ಆಹಾರ ಸಾಲದಿದ್ದರೆ ಒಡಹುಟ್ಟಿದವನ್ನೇ ತಿಂದು ಬೆಳೆಯುತ್ತವೆ.

ಈಗ ಹಿಡಿಯುವವರ ಕಡೆಯಿಂದ ನೋಡಿ. ವರ್ಷವಿಡೀ ಕೆಸರಿನ ಬಣ್ಣದಲ್ಲಿ ಚದುರಿ ಅಡಗಿದ್ದ ಪ್ರಾಣಿ ಒಂದೆರಡು ವಾರ ಮಾತ್ರ ತಾನಾಗಿ ಒಂದೆಡೆ ಸೇರುತ್ತದೆ, ಎಲ್ಲಿದ್ದೇನೆಂದು ಕೂಗಿ ಹೇಳುತ್ತದೆ, ಟಾರ್ಚಿನ ಬೆಳಕಿಗೆ ಹೊಳೆಯುವ ಬಣ್ಣವನ್ನೂ ಹಾಕಿಕೊಂಡಿರುತ್ತದೆ. ಮುಖಕ್ಕೆ ಬೆಳಕು ಬಿಟ್ಟರೆ ಓಡದೆ ಕೂರುತ್ತದೆ. ಕೂಗಿನ ಜಾಡು ಹಿಡಿದು ಹೋದವನ ಕೈಗೆ ಮೊದಲು ಗಂಡು ಸಿಗುತ್ತದೆ, ಗಂಡನ್ನು ಅರಸಿ ಬಂದ ಹೆಣ್ಣೂ ಸಿಗುತ್ತದೆ, ಹಲವು ಸಲ ಜೋಡಿಯೇ ಗೋಣಿಚೀಲ ಸೇರುತ್ತದೆ. ಬೇರೆ ತಿಂಗಳಲ್ಲಿ ವಾರವಿಡೀ ಅಲೆದರೂ ಸಿಗದಷ್ಟು ಕಪ್ಪೆ ಆ ಒಂದು ರಾತ್ರಿಯಲ್ಲಿ ಸಿಗುತ್ತದೆ. ಎಲ್ಲವೂ ಇನ್ನೂ ಮೊಟ್ಟೆಯಿಡದ, ಅಥವಾ ಇಡುವ ಹೊತ್ತಿನ ಕಪ್ಪೆಗಳು.

‘ಒಂದೊಂದು ಹೆಣ್ಣು ಸಾವಿರ ಸಾವಿರ ಮೊಟ್ಟೆ ಇಡುತ್ತದೆ, ನಾಲ್ಕು ಹೋದರೇನಂತೆ?’ ಎಂಬ ವಾದ ಕೇಳಲು ಸರಿಯೆನಿಸುತ್ತದೆ. ಲೆಕ್ಕ ಉಲ್ಟಾ ಇದೆ. ಇಟ್ಟ ಸಾವಿರಾರು ಮೊಟ್ಟೆಗಳಲ್ಲಿ ಬಹುಪಾಲು ಬದುಕುವುದಿಲ್ಲ ಎಂಬ ಕಾರಣಕ್ಕೇ ಸಾವಿರಾರು ಇಡಬೇಕಾಗಿದೆ. ಗುಂಡಿ ಒಣಗುತ್ತದೆ, ನೀರುಚೇಳು ತಿನ್ನುತ್ತದೆ, ಬೆಳ್ಳಕ್ಕಿ ಹೆಕ್ಕುತ್ತದೆ, ಒಡಹುಟ್ಟಿದವೇ ನುಂಗುತ್ತವೆ. ಒಂದು ಮೊಟ್ಟೆ ಹಾಳಾದರೆ ಪಕ್ಕದ ಗೊದಮೊಟ್ಟೆಗೆ ತುಸು ಹೆಚ್ಚು ಜಾಗ, ಹೆಚ್ಚು ಆಹಾರ ಸಿಕ್ಕು ನಷ್ಟ ಒಂದಿಷ್ಟು ತುಂಬಿಕೊಳ್ಳುತ್ತದೆ. ಆ ಎಲ್ಲ ಗಂಡಾಂತರ ದಾಟಿ ಎರಡು ಮೂರು ಬೇಸಿಗೆ ಕಳೆದು ಬಂದ ದೊಡ್ಡ ಕಪ್ಪೆ ಹೋದರೆ ಹಾಗೆ ತುಂಬಿಕೊಳ್ಳಲು ದಾರಿಯಿಲ್ಲ. ತಟ್ಟೆಗೆ ಬೇಕಾಗಿರುವುದು ಆ ದೊಡ್ಡ ಕಪ್ಪೆಯ ತೊಡೆಯೇ.

ಇದರ ತರ್ಕ ಕಾರವಾರದವರಿಗೆ ಹೊಸದಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೈತಖೋಲ್ ಬಂದರಿನಲ್ಲಿ ಯಾಂತ್ರಿಕ ದೋಣಿಗಳು ಲಂಗರು ಹಾಕಿ ನಿಲ್ಲುತ್ತವೆ. ಮೀನು ಮೊಟ್ಟೆಯಿಡುವ ಹೊತ್ತಿನಲ್ಲಿ ಬಲೆ ಬೀಸಿದರೆ ಮುಂದೆ ಹಿಡಿಯಲು ಮೀನೇ ಇರುವುದಿಲ್ಲ ಎಂಬುದನ್ನು ಒಪ್ಪಿಯೇ ಆ ರಜೆ ನಡೆದುಬಂದಿದೆ. ಕಪ್ಪೆಯ ವಿಷಯದಲ್ಲಿ ಮೀನಿಗಿಂತ ಬಿಗಿಯಾದ ಕಾರಣವಿದೆ: ಮೀನನ್ನು ಉಳಿದ ಹತ್ತು ತಿಂಗಳು ಹಿಡಿಯುತ್ತಾರೆ, ಕಪ್ಪೆಯನ್ನು ಹಿಡಿಯುವುದೇ ಅದರ ಸಂತಾನಕಾಲದಲ್ಲಿ.

ಕಾಲಿನ ವ್ಯಾಪಾರದ ಹಳೆಯ ಲೆಕ್ಕ

ಕಪ್ಪೆ ವ್ಯಾಪಾರದ ಮೇಲಿನ ಬಿಗಿ ಒಂದು ದಿನ ಬೆಳಗಾಗುವುದರಲ್ಲಿ ಹುಟ್ಟಿದ್ದಲ್ಲ. 1970–80ರ ದಶಕಗಳಲ್ಲಿ ಭಾರತ ಕಪ್ಪೆ ಕಾಲಿನ ದೊಡ್ಡ ರಫ್ತುದಾರ ದೇಶವಾಗಿತ್ತು. ಸೀಗಡಿ ಹೆಪ್ಪುಗಟ್ಟಿಸುವ ಕಾರ್ಖಾನೆಗಳಲ್ಲೇ ಕಪ್ಪೆ ಕಾಲೂ ಪ್ಯಾಕ್ ಆಗಿ ವರ್ಷಕ್ಕೆ ಸಾವಿರಾರು ಟನ್ ಯುರೋಪ್ ಮತ್ತು ಅಮೆರಿಕಕ್ಕೆ ಹೋಗುತ್ತಿತ್ತು. ಹೋಗುತ್ತಿದ್ದದ್ದು ಮುಖ್ಯವಾಗಿ ಈ ಜಾತಿ ಮತ್ತು ಇದರ ಹತ್ತಿರದ ಇನ್ನೊಂದು ಕೆರೆಕಪ್ಪೆ. 1985ರಲ್ಲಿ ಎರಡನ್ನೂ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧಕ್ಕೆ ಸೇರಿಸಲಾಯಿತು, ಅಂದರೆ ದೇಶದಿಂದ ದೇಶಕ್ಕೆ ಹೋಗಬೇಕಾದರೆ ಪರವಾನಗಿ ಕಡ್ಡಾಯವಾಯಿತು. 1987ರಲ್ಲಿ ಭಾರತ ರಫ್ತನ್ನೇ ನಿಲ್ಲಿಸಿತು.

ನಿಲ್ಲಿಸುವಾಗ ಎರಡು ಮಾತು ಮುಂದೆ ಬಂದಿದ್ದವು. ಜೀವವಿದ್ದಾಗಲೇ ಕಾಲು ಕತ್ತರಿಸಿ ಮುಂಡವನ್ನು ಎಸೆಯುವ ಕ್ರೌರ್ಯ ಒಂದು. ಕಪ್ಪೆ ಮಾರಿ ಗಳಿಸಿದ್ದಕ್ಕಿಂತ ಹೆಚ್ಚಿನ ವಿದೇಶಿ ವಿನಿಮಯ ಕೀಟನಾಶಕಕ್ಕೆ ಹೋಗುತ್ತಿದೆ ಎಂಬ ಲೆಕ್ಕ ಇನ್ನೊಂದು. ಎರಡನೆಯದರಲ್ಲಿ ಕಪ್ಪೆ ಕಡಿಮೆಯಾದದ್ದೇ ಕೀಟ ಹೆಚ್ಚಲು ಪೂರ್ತಿ ಕಾರಣ ಎನ್ನುವುದು ಅತಿಯಾದೀತು. ಕೀಟನಾಶಕ ಹೆಚ್ಚಲು ಹೊಸ ತಳಿ, ಹೊಸ ಬೇಸಾಯ ಕ್ರಮಗಳೂ ಕಾರಣ. ಆದರೆ ದಿನವೂ ರಾತ್ರಿ ಪುಕ್ಕಟೆ ಕೆಲಸ ಮಾಡುವ ಕೀಟಭಕ್ಷಕವನ್ನು ಗದ್ದೆಯಿಂದ ತೆಗೆದು ಅದರ ಜಾಗಕ್ಕೆ ದುಡ್ಡು ಕೊಟ್ಟು ಔಷಧಿ ತರುವುದು ನಷ್ಟದ ಬಾಬತ್ತು ಎಂಬುದರಲ್ಲಿ ಅನುಮಾನವಿಲ್ಲ. ಭಾರತ ಮತ್ತು ಬಾಂಗ್ಲಾದೇಶ ಹಿಂದೆ ಸರಿದ ಮೇಲೆ ಯುರೋಪಿನ ಬೇಡಿಕೆ ನಿಲ್ಲಲಿಲ್ಲ, ಅದು ಇಂಡೊನೇಷ್ಯಾದ ಕಡೆ ತಿರುಗಿತು.

ರಫ್ತು ನಿಂತರೂ ಒಳಗಿನ ಬೇಡಿಕೆ ಉಳಿಯಿತು. ಗೋವಾದಲ್ಲಿ ಮಳೆಗಾಲದ ರುಚಿ ಎಂದು ‘ಜಂಪಿಂಗ್ ಚಿಕನ್’ ಹೆಸರಿನಲ್ಲಿ ಕಪ್ಪೆ ಕಾಲು ಬಡಿಸುವ ರೂಢಿಯಿದೆ. ಅಲ್ಲೂ ಕಪ್ಪೆ ಹಿಡಿಯುವುದು, ಮಾರುವುದು ಅಪರಾಧವೇ. ಮಾಜಾಳಿ ದಾಟಿದರೆ ಗೋವಾ; ಹೆದ್ದಾರಿ, ರೈಲು, ಬಸ್ಸು ಎಲ್ಲ ಇವೆ. ಅಲ್ಲಿನ ಗದ್ದೆಗಳಲ್ಲಿ ಕಪ್ಪೆ ವಿರಳವಾಗುತ್ತ, ಕಾವಲು ಬಿಗಿಯಾಗುತ್ತ ಹೋದ ಹಾಗೆ ಕೊಳ್ಳುವವರ ಕೈ ಈ ಕಡೆಯ ಗದ್ದೆಗಳಿಗೆ ಚಾಚುವುದು ವ್ಯಾಪಾರದ ಸಹಜ ಗತಿ.

ಆತಂಕವಿಲ್ಲದ ಪ್ರಾಣಿಗೆ ರಕ್ಷಣೆ

ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ಈ ಕಪ್ಪೆ ‘ಕನಿಷ್ಠ ಆತಂಕ’ದ ವರ್ಗದಲ್ಲಿದೆ. ಪ್ರಕರಣ ದಾಖಲಾದಾಗಲೆಲ್ಲ ಈ ಮಾತನ್ನು ಎತ್ತುವವರಿದ್ದಾರೆ. ಪಟ್ಟಿಯೂ ಸರಿ, ಕಾಯ್ದೆಯೂ ಸರಿ. ಎರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿವೆ.

ಕೆಂಪು ಪಟ್ಟಿ ಕೇಳುವುದು ಇಡೀ ಜಾತಿ ಭೂಮಿಯಿಂದ ಅಳಿಯುವ ಅಪಾಯ ಎಷ್ಟು ಎಂದು. ಹಲವು ದೇಶಗಳಲ್ಲಿ ಹರಡಿರುವ ಕಪ್ಪೆ ಕಾರವಾರ ತಾಲ್ಲೂಕಿನಲ್ಲಿ ಪೂರ್ತಿ ಇಲ್ಲವಾದರೂ ಆ ಪಟ್ಟಿಯಲ್ಲಿ ಒಂದು ಅಕ್ಷರ ಬದಲಾಗಲಿಕ್ಕಿಲ್ಲ. ಪಟ್ಟಿಗೆ ಕಾನೂನಿನ ಬಲವೂ ಇಲ್ಲ. ಗದ್ದೆಯ ಮಾಲೀಕನಿಗೆ ಬೇಕಾದದ್ದು ಬೇರೆ ಉತ್ತರ: ನನ್ನ ಗದ್ದೆಯಲ್ಲಿ ಮುಂದಿನ ವರ್ಷ ಕಪ್ಪೆ ಇರುತ್ತದೆಯೇ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ತಡೆಯುವುದು ಪ್ರಾಣಿ ಕೊನೆಯ ಉಸಿರು ಎಳೆಯುವವರೆಗೆ ಕಾಯುತ್ತ ಅಲ್ಲ. 2022ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಸಾಮಾನ್ಯ ಉಲ್ಲಂಘನೆಗಳ ಗರಿಷ್ಠ ದಂಡ 25,000 ರೂಪಾಯಿಯಿಂದ 1 ಲಕ್ಷಕ್ಕೆ ಏರಿತು.

ಸಾಮಾನ್ಯ ಪ್ರಾಣಿಯೇ ಹೆಚ್ಚು ಕೆಲಸ ಮಾಡುವುದು ಎಂಬ ಸರಳ ಸತ್ಯವನ್ನೂ ಇಲ್ಲಿ ಹೇಳಬೇಕು. ಅಪರೂಪದ ಕಪ್ಪೆ ಒಂದು ಹಳ್ಳದಲ್ಲಿ ಹತ್ತಿರಬಹುದು. ಗದ್ದೆಯ ಕೀಟ ತಿನ್ನುವುದು, ಕೇರೆ ಹಾವಿಗೂ ಬೆಳ್ಳಕ್ಕಿಗೂ ಆಹಾರವಾಗುವುದು ಸಂಖ್ಯೆಯಲ್ಲಿ ಹೆಚ್ಚಿರುವ ಕಪ್ಪೆಗಳೇ. ಕೋಸ್ಟರಿಕಾ ಮತ್ತು ಪನಾಮಾದಲ್ಲಿ ಶಿಲೀಂಧ್ರ ರೋಗದಿಂದ ಕಪ್ಪೆಗಳು ಸಾಮೂಹಿಕವಾಗಿ ಸತ್ತ ನಂತರದ ವರ್ಷಗಳಲ್ಲಿ ಮಲೇರಿಯಾ ಹೆಚ್ಚಿತ್ತೆಂದು 2022ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಅಲ್ಲಿನ ಫಲಿತಾಂಶವನ್ನು ತಂದು ನಮ್ಮ ಊರಿಗೆ ಹಾಗೇ ಅಂಟಿಸುವುದು ಸರಿಯಲ್ಲ. ಕಪ್ಪೆ ಹೋದರೆ ನಷ್ಟ ಕಪ್ಪೆಗೆ ಮಾತ್ರ ಎಂಬ ನಂಬಿಕೆ ತಪ್ಪು ಎನ್ನಲು ಅಷ್ಟು ಸಾಕು.

ಹಿಡಿಯುವವರ ಮಾತು

ಹಿಡಿಯುವ ಕಡೆಯವರ ಮಾತಿನಲ್ಲಿ ಹುರುಳಿಲ್ಲ ಎಂದು ತಳ್ಳಿಹಾಕುವುದು ಅನ್ಯಾಯ. ಜೂನ್, ಜುಲೈಯಲ್ಲಿ ದೋಣಿ ನಿಂತಿರುತ್ತದೆ, ಕಟ್ಟಡದ ಕೆಲಸ ಇರುವುದಿಲ್ಲ, ಕೂಲಿಯವನ ಮನೆಯಲ್ಲಿ ದುಡ್ಡು ಓಡಾಡುವುದಿಲ್ಲ. ಒಂದು ರಾತ್ರಿ ಗದ್ದೆಗಿಳಿದರೆ ಕೈಗೆ ಕಾಸು ಸಿಗುತ್ತದೆ ಎಂದಾಗ ಇಳಿಯುವವರು ಇದ್ದೇ ಇರುತ್ತಾರೆ. ಸಿಕ್ಕಿಬೀಳುವುದೂ ಅವರೇ, ತಟ್ಟೆಗೆ ಬೆಲೆ ಕಟ್ಟುವವನ ಹೆಸರು ಸುದ್ದಿಯಲ್ಲಿ ಅಪರೂಪ.

‘ನಮ್ಮ ಚೀಲಕ್ಕಿಂತ ಹೆಚ್ಚು ಕಪ್ಪೆ ಹೆದ್ದಾರಿಯ ಟೈರಿಗೆ ಸಿಕ್ಕಿ ಸಾಯುತ್ತದೆ, ಗದ್ದೆಗೆ ಹೊಡೆದ ಔಷಧಿಗೆ ಸಾಯುತ್ತದೆ’ ಎಂಬುದು ಅವರ ಇನ್ನೊಂದು ವಾದ. ಮೊದಲ ಮಳೆಯ ರಾತ್ರಿ ರಸ್ತೆ ನೋಡಿದವರು ಇದನ್ನು ಸುಳ್ಳು ಎನ್ನಲಾರರು. ಕಪ್ಪೆಯ ಚರ್ಮ ನೀರನ್ನೂ ಗಾಳಿಯನ್ನೂ ಒಳಗೆ ಬಿಡುವಂಥದ್ದು, ವಿಷವನ್ನೂ ಹಾಗೇ ಬಿಡುತ್ತದೆ. ಆದರೆ ಈ ವಾದ ಬೇಟೆಯನ್ನು ಸಮರ್ಥಿಸುವುದಿಲ್ಲ. ಮೂರು ಕಡೆಯಿಂದ ನಷ್ಟವಾಗುತ್ತಿದ್ದರೆ ಸುಲಭವಾಗಿ ನಿಲ್ಲಿಸಬಹುದಾದದ್ದನ್ನು ಮೊದಲು ನಿಲ್ಲಿಸಬೇಕು ಎಂದೇ ಅದು ಹೇಳುತ್ತದೆ. ಔಷಧಿ ಹೊಡೆದ ಗದ್ದೆಯ ಕೀಟ ತಿಂದ ಕಪ್ಪೆಯನ್ನು ತಿನ್ನುವುದು ಆರೋಗ್ಯಕ್ಕೂ ಒಳ್ಳೆಯದಲ್ಲ. ಯಾವ ತಪಾಸಣೆಯೂ ಇಲ್ಲದೆ ಹಿಂಬಾಗಿಲಿನಿಂದ ಬರುವ ಮಾಂಸ ಅದು.

ಸಾಕಿ ತಿನ್ನಬಹುದಲ್ಲ

ಕೋಳಿ ಸಾಕಿದಂತೆ ಕಪ್ಪೆ ಸಾಕಲಿ, ಕಾಡಿನ ಕಪ್ಪೆ ಉಳಿಯುತ್ತದೆ ಎಂಬ ಸಲಹೆ ಆಗಾಗ ಬರುತ್ತದೆ. ಥಾಯ್ಲೆಂಡ್, ವಿಯೆಟ್ನಾಂಗಳಲ್ಲಿ ನಮ್ಮ ಕಪ್ಪೆಯ ದಾಯಾದಿ ಜಾತಿಯೊಂದನ್ನು ತೊಟ್ಟಿಗಳಲ್ಲಿ ಸಾಕುತ್ತಾರೆ, ಆದ್ದರಿಂದ ಆಗದ ಕೆಲಸವೇನಲ್ಲ. ತೊಡಕು ಎರಡು. ತಟ್ಟೆಯಲ್ಲಿರುವ ಕಾಲು ತೊಟ್ಟಿಯದೋ ಗದ್ದೆಯದೋ ಎಂದು ಚೆಕ್‌ಪೋಸ್ಟಿನಲ್ಲಿ ನಿಂತವನು ಹೇಳಲಾರ. ಸಾಕಣೆಗೆ ಅವಕಾಶ ಕೊಟ್ಟರೆ ಗದ್ದೆಯ ಕಪ್ಪೆಯೇ ಅಗ್ಗವಾದ್ದರಿಂದ ಅದೇ ಸಾಕಣೆಯ ಹೆಸರಿನಲ್ಲಿ ಮಾರಾಟವಾಗುತ್ತದೆ. ಎರಡನೆಯದು ರೋಗ. ಜೀವಂತ ಕಪ್ಪೆಗಳ ವ್ಯಾಪಾರವೇ ಕಪ್ಪೆಗಳನ್ನು ಕೊಲ್ಲುವ ಶಿಲೀಂಧ್ರವನ್ನು ಖಂಡದಿಂದ ಖಂಡಕ್ಕೆ ಹೊತ್ತೊಯ್ದಿದೆ. ಜಗತ್ತಿನ ಉಭಯಚರಗಳಲ್ಲಿ ಶೇ 41ರಷ್ಟು ಜಾತಿಗಳು ಅಳಿವಿನ ಅಪಾಯದಲ್ಲಿವೆ ಎಂದು 2023ರ ಸಮೀಕ್ಷೆ ಹೇಳಿದೆ. ಬೇರೆಲ್ಲೂ ಇಲ್ಲದ ಕಪ್ಪೆಗಳು ಘಟ್ಟದ ಹಳ್ಳಗಳಲ್ಲಿ ತುಂಬಿರುವಾಗ ಅದರ ಬುಡದಲ್ಲೇ ಕಪ್ಪೆ ತೊಟ್ಟಿ ತೆರೆಯುವುದು ಜಾಣತನವಲ್ಲ.

ಅಂಡಮಾನಿನಲ್ಲಿ ಇದೇ ಕಪ್ಪೆ ಪೀಡೆ

ಅಂಡಮಾನ್ ದ್ವೀಪಗಳಿಗೆ ಈ ಕಪ್ಪೆ ಮನುಷ್ಯರಿಂದ ಹೋಗಿ ಸೇರಿದೆ. ಅಲ್ಲಿ ಅದು ವೇಗವಾಗಿ ಹರಡುತ್ತಿದೆ. ಅದರ ಗೊದಮೊಟ್ಟೆಗಳನ್ನು ದ್ವೀಪದ ಸ್ವಂತ ಕಪ್ಪೆಗಳ ಗೊದಮೊಟ್ಟೆಗಳ ಜತೆಗಿಟ್ಟು ಪ್ರಯೋಗ ಮಾಡಿದಾಗ ಅವನ್ನು ತಿಂದು ಮುಗಿಸಿದವು. ಅಲ್ಲಿನ ಸಂಶೋಧಕರಿಗೆ ಇದು ನಿಯಂತ್ರಿಸಬೇಕಾದ ಆಕ್ರಮಣಕಾರಿ.

ಹಾಗಾದರೆ ಇಲ್ಲಿ ಕಾಪಾಡುವುದು ಯಾಕೆ ಎಂದು ಕೇಳುವವರಿಗೆ: ಇಲ್ಲಿನ ಗದ್ದೆಗಳಲ್ಲಿ ಇದರ ಜತೆಗೇ ಬೆಳೆದ ಹಾವು, ಹಕ್ಕಿ, ಇತರ ಕಪ್ಪೆಗಳಿವೆ, ಒಂದರ ಕಾಟಕ್ಕೆ ಇನ್ನೊಂದು ಒಗ್ಗಿಕೊಂಡಿದೆ. ದ್ವೀಪದ ಕಪ್ಪೆಗೆ ಇಂಥ ಬೇಟೆಗಾರ ಗೊದಮೊಟ್ಟೆಯ ಪರಿಚಯವೇ ಇರಲಿಲ್ಲ. ಈ ಕಾರಣಕ್ಕೇ ಹಿಡಿದ ಕಪ್ಪೆಗಳನ್ನು ಬಿಡುವ ಜಾಗವೂ ಮುಖ್ಯವಾಗುತ್ತದೆ. ‘ಕಾಡಿಗೆ ಬಿಡಲಾಯಿತು’ ಎಂಬ ಸಾಲು ಓದಲು ಹಿತವಾಗಿದ್ದರೂ ಗದ್ದೆಯ ಹೊಟ್ಟೆಬಾಕನನ್ನು ಘಟ್ಟದ ಕಾನಿನ ಹಳ್ಳದಲ್ಲಿ ಬಿಟ್ಟರೆ ಅಲ್ಲಿನ ಸೂಕ್ಷ್ಮ ಕಪ್ಪೆಗಳಿಗೆ ಕುತ್ತು. ಹಿಡಿದ ಊರಿನ ಗದ್ದೆಗೇ, ಸಾಧ್ಯವಾದರೆ ಅದೇ ರಾತ್ರಿ ಬಿಡುವುದು ಸರಿಯಾದ ಕ್ರಮ. ತಡವಾದರೆ ಕೂಡುವ ಕಾಲವೇ ಕಳೆದುಹೋಗಿರುತ್ತದೆ.

ಗದ್ದೆ ಮತ್ತು ಮಳೆ

ಬೇಟೆ ನಿಂತರೂ ಕಪ್ಪೆ ಉಳಿಯಬೇಕಾದರೆ ನೀರು ನಿಲ್ಲುವ ತಗ್ಗು ಉಳಿಯಬೇಕು. ಕಾರವಾರದಿಂದ ಹೊನ್ನಾವರದವರೆಗೆ ಹೆದ್ದಾರಿಯ ಎರಡೂ ಬದಿಯಲ್ಲಿ ಗದ್ದೆಗಳು ಮಣ್ಣು ತುಂಬಿ ಸೈಟಾಗುತ್ತಿವೆ, ಕೂಲಿ ಸಿಗದೆ ಹಡಿಲು ಬೀಳುತ್ತಿವೆ. ಹಡಿಲು ಬಿದ್ದ ಗದ್ದೆಯಲ್ಲಿ ಬದು ಒಡೆದರೆ ಕಟ್ಟುವವರಿಲ್ಲ, ನೀರು ನಿಲ್ಲುವುದಿಲ್ಲ, ಮೊಟ್ಟೆ ಉಳಿಯುವುದಿಲ್ಲ. ನಾಟಿಗೆ ಹದ ಮಾಡಿದ ಗದ್ದೆ ಎಂದರೆ ಕಪ್ಪೆಯ ಪಾಲಿಗೆ ವಾರಗಟ್ಟಲೆ ಒಣಗದ ಬಾಣಂತಿಕೋಣೆ. ಬೇಸಾಯ ಬಿಟ್ಟುಹೋಗುವುದರಿಂದ ಕಪ್ಪೆಗೆ ಆಗುವ ನಷ್ಟ ಗೋಣಿಚೀಲಕ್ಕಿಂತ ನಿಧಾನದ್ದು, ಆದರೆ ಹೆಚ್ಚು ಕಾಯಂ.

ಮಳೆಯೂ ಮೊದಲಿನ ಹಾಗೆ ನಡೆದುಕೊಳ್ಳುತ್ತಿಲ್ಲ. ಮಿರಗದ (ಮೃಗಶಿರಾ) ಮಳೆ ಎಂದರೆ ಜೂನ್ ಮೊದಲ ವಾರ ಕಳೆದು ಬರುವುದು ಎಂಬುದು ಇಲ್ಲಿನವರ ಲೆಕ್ಕ. 2023ರಲ್ಲಿ ಮುಂಗಾರು ಕೇರಳ ತಲುಪಿದ್ದೇ ಜೂನ್ 8ಕ್ಕೆ. 2025ರಲ್ಲಿ ಮೇ 24ಕ್ಕೇ ಬಂತು. ಕಪ್ಪೆ ಪಂಚಾಂಗ ನೋಡಿ ಹೊರಬರುವುದಿಲ್ಲ, ಮಳೆ ಬಿದ್ದಾಗ ಬರುತ್ತದೆ. ಬೇಗ ಸುರಿದು ಆಮೇಲೆ ವಾರಗಟ್ಟಲೆ ಬಿಡುವು ಕೊಟ್ಟರೆ ಗುಂಡಿ ಒಣಗಿ ಗೊದಮೊಟ್ಟೆಗಳು ಅಲ್ಲೇ ಸಾಯುತ್ತವೆ. ಅಂಥ ವರ್ಷಗಳಲ್ಲಿ ಅಳಿದುಳಿದ ದೊಡ್ಡ ಕಪ್ಪೆಗಳ ಬೆಲೆ ಇನ್ನೂ ಹೆಚ್ಚು, ಮುಂದಿನ ವರ್ಷ ಮೊಟ್ಟೆಯಿಡಬೇಕಾದವು ಅವೇ.

ಕಾವಲಿನ ಮೇಲೂ ಇದರ ನೇರ ಪರಿಣಾಮವಿದೆ. ಜೂನ್ ತಿಂಗಳ ಕ್ಯಾಲೆಂಡರ್ ಹಿಡಿದು ಗಡಿಯಲ್ಲಿ ತಪಾಸಣೆ ಬಿಗಿ ಮಾಡಿದರೆ, ಮೇ ಕೊನೆಯಲ್ಲೇ ಮಳೆ ಬಂದ ವರ್ಷ ಕಪ್ಪೆಗಳು ಆಗಲೇ ಚೀಲ ಸೇರಿ ಗಡಿ ದಾಟಿರುತ್ತವೆ. ಹವಾಮಾನ ಇಲಾಖೆ ಕರಾವಳಿಗೆ ಮೊದಲ ಭಾರಿ ಮಳೆಯ ಮುನ್ಸೂಚನೆ ಕೊಟ್ಟ ದಿನವೇ ಅರಣ್ಯ ಸಿಬ್ಬಂದಿ ಗದ್ದೆ ಬಯಲಿಗೂ ಚೆಕ್‌ಪೋಸ್ಟಿಗೂ ಇಳಿಯಬೇಕು, ಅದರ ನಂತರದ ಹತ್ತು ಹದಿನೈದು ರಾತ್ರಿ ಅಲ್ಲೇ ಇರಬೇಕು. ಗ್ರಾಮ ಪಂಚಾಯ್ತಿಗಳು ಆ ವಾರದಲ್ಲೇ ಊರವರಿಗೆ ಡಂಗುರ ಸಾರಬಹುದು, ಶಾಲೆಗಳು ಆಗಷ್ಟೇ ತೆರೆದಿದ್ದರೆ ಮಕ್ಕಳಿಗೆ ಆ ಹಳದಿ ಕಪ್ಪೆ ವಿಷವಲ್ಲ ಎಂದು ಹೇಳಬಹುದು. ಮೀನುಗಾರಿಕೆ ರಜೆಯ ಅವಧಿಯಲ್ಲಿ ಕೆಲಸವಿಲ್ಲದವರನ್ನೇ ದಿನಗೂಲಿ ಕೊಟ್ಟು ರಾತ್ರಿ ಕಾವಲಿಗೆ ಹಚ್ಚಿದರೆ ಕಪ್ಪೆ ಯಾವ ಗದ್ದೆಯಲ್ಲಿ ನೆರೆಯುತ್ತದೆ ಎಂಬುದನ್ನು ಇಲಾಖೆಗೆ ಬೇರೆ ಯಾರೂ ತೋರಿಸಿಕೊಡಬೇಕಾಗಿಲ್ಲ.